14 ಗಿಡ ತಂದೆ, 9 ಉಳಿದವು: ಬೀದರಿನ ಒಂದು ನರ್ಸರಿ ಬಗ್ಗೆ

ಮೊದಲೇ ಹೇಳಿಬಿಡುತ್ತೇನೆ, ನರ್ಸರಿಯ ಹೆಸರು ಬರೆಯುವುದಿಲ್ಲ. ಊರು ಸಣ್ಣದು, ಮಾಲೀಕರ ಮಗಳು ನಮ್ಮ ಶಾಲೆಯಲ್ಲೇ ಓದುತ್ತಾಳೆ, ಸುಮ್ನೆ ಯಾಕೆ ಜಗಳ. ಬೀದರಿನಿಂದ ಹೊರಗೆ ಹೋಗುವ ಒಂದು ದೊಡ್ಡ ರಸ್ತೆಯ ಪಕ್ಕ ಇದೆ, ಹಸಿರು ನೆಟ್ ಕಟ್ಟಿದ್ದಾರೆ, ಮುಂದೆ ಸಿಮೆಂಟ್ ಕುಂಡಗಳನ್ನು ಜೋಡಿಸಿದ್ದಾರೆ. ಇಂಥ ನರ್ಸರಿ ಕಲಬುರಗಿಯಲ್ಲೂ ಯಾದಗಿರಿಯಲ್ಲೂ ಇವೆ, ಹಾಗಾಗಿ ಹೆಸರು ಗೊತ್ತಿಲ್ಲದಿದ್ದರೂ ನಿಮಗೆ ಉಪಯೋಗ ಆಗಬಹುದು.

ಎರಡು ವರ್ಷದ ಹಿಂದೆ ಫೆಬ್ರವರಿಯಲ್ಲಿ ಅಲ್ಲಿಂದ 14 ಗಿಡ ತಂದೆ. ಸೇಬು ಎರಡು, ಪೇರಲ ಎರಡು, ಲ್ಯಾವೆಂಡರ್ ಎರಡು. ಸೀತಾಫಲ, ನಿಂಬೆ, ದಾಳಿಂಬೆ, ಅಂಜೂರ, ಕವಳಿ, ಕರಿಬೇವು, ದುಂಡು ಮಲ್ಲಿಗೆ, ಹೈಡ್ರೇಂಜಿಯ ಒಂದೊಂದು. ಗಾಡಿ ಬಾಡಿಗೆ ಸೇರಿ ಮೂರು ಸಾವಿರದ ಮೇಲಾಯಿತು. ಈಗ 9 ಬದುಕಿವೆ. ಸತ್ತ ಐದರಲ್ಲಿ ಒಂದಕ್ಕೆ ನಾನು ಕಾರಣ, ಉಳಿದ ನಾಲ್ಕಕ್ಕೆ ಅವರ ನರ್ಸರಿಯ ಬಲಗಡೆ ಮೂಲೆ ಕಾರಣ.

ಆ ಮೂಲೆಯ ಕಥೆ ಹೇಳಲೇಬೇಕು. ಅಲ್ಲಿ ಒಂದು ಬೋರ್ಡು ಹಾಕಿದ್ದರು: "ಚಳಿ ತಡೆಯುವ ಗಿಡಗಳು". ನಮ್ಮ ಬೀದರ್ ಚಳಿ ನಿಮಗೆ ಗೊತ್ತಲ್ವಾ, ಡಿಸೆಂಬರ್ ಬಂತೆಂದರೆ ರಾಜ್ಯದಲ್ಲೇ ಜಾಸ್ತಿ ಚಳಿ ಇರುವ ಊರು ಅಂತ ಪೇಪರಿನಲ್ಲಿ ನಮ್ಮ ಹೆಸರು ಬರುತ್ತದೆ, ಕೆಲವು ವರ್ಷ ಬೆಳಗಿನ ಜಾವ 10 ಡಿಗ್ರಿಗಿಂತ ಕೆಳಗೂ ಇಳಿಯುತ್ತದೆ, ಶಾಲೆಗೆ ಮಕ್ಕಳು ಮಂಕಿ ಟೋಪಿ ಹಾಕಿಕೊಂಡು ಬರುತ್ತಾರೆ. ಅಂಥ ಊರಿನಲ್ಲಿ ಈ ಬೋರ್ಡು ನೋಡಿದರೆ ಯಾರಿಗಾದರೂ ಸರಿ ಅನಿಸುತ್ತದೆ. ನನಗೂ ಅನಿಸಿತು. ಒಂದೊಂದು ಗಿಡಕ್ಕೂ ಬಣ್ಣದ ಚೀಟಿ ತೂಗುಹಾಕಿದ್ದರು, ಹೈಡ್ರೇಂಜಿಯ ಮತ್ತು ಲ್ಯಾವೆಂಡರ್ ಚೀಟಿಯ ಮೇಲೆ "ಕೋಲ್ಡ್ ಹಾರ್ಡಿ, ಝೋನ್ 5 ರಿಂದ 8" ಅಂತ ಅಚ್ಚಾಗಿತ್ತು. ಝೋನ್ ಅಂದರೆ ಏನು ಅಂತ ಕೇಳಿದೆ. ಮಾಲೀಕರು ಫೋನಿನಲ್ಲಿದ್ದರು, ಫೋನ್ ಪಕ್ಕಕ್ಕೆ ಸರಿಸಿ "ಅಕ್ಕೋರೆ, ಇದು ಎಂಥಾ ಚಳಿಗೂ ಜಗ್ಗಂಗಿಲ್ಲ, ಗ್ಯಾರಂಟಿ" ಅಂದರು.

ಅವರು ಸುಳ್ಳು ಹೇಳಲಿಲ್ಲ. ಅದೇ ತಮಾಷೆ. ಆ ಗಿಡಗಳು ಚಳಿಗೆ ಜಗ್ಗಲಿಲ್ಲ. ಚಳಿಗಾಲ ಬರುವವರೆಗೆ ಇರಲೇ ಇಲ್ಲ.

ಹೈಡ್ರೇಂಜಿಯ ಮಾರ್ಚ್ ಎರಡನೇ ವಾರದಿಂದಲೇ ಮಧ್ಯಾಹ್ನ ಹನ್ನೆರಡಕ್ಕೆ ಎಲೆ ಇಳಿಬಿಡುತ್ತಿತ್ತು, ಸಂಜೆ ನೀರು ಹಾಕಿದರೆ ಏಳುತ್ತಿತ್ತು, ಏಪ್ರಿಲ್‌ನಲ್ಲಿ ಒಂದು ದಿನ ಏಳಲಿಲ್ಲ. ಲ್ಯಾವೆಂಡರ್ ಬಿಸಿಲನ್ನು ಹೇಗೋ ದಾಟಿತು, ಖುಷಿಯಾಗಿತ್ತು ನನಗೆ, ಆಮೇಲೆ ಜುಲೈ ಮಳೆ ಹಿಡಿದುಕೊಂಡಾಗ ಹತ್ತು ದಿನದಲ್ಲಿ ಬುಡದಿಂದ ಕಪ್ಪಾಗಿ ಎರಡೂ ಹೋದವು. ಅದಕ್ಕೆ ಒಣ ಬೇಸಿಗೆ ಬೇಕು, ಚಳಿಗಾಲದಲ್ಲಿ ಮಳೆ ಬೇಕು. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಊರುಗಳ ಹವೆ ಹಾಗಿದೆ. ನಮ್ಮದು ಪೂರ್ತಿ ತಿರುಗಾಮುರುಗ.

ಗಿಡ ಸತ್ತ ಮೇಲೆ ನಾನು ಆ ಝೋನ್ ವಿಷಯ ಓದಿದೆ. ತರುವ ಮೊದಲೇ ಓದಬೇಕಿತ್ತು, ಇರಲಿ. ಅದು ಅಮೆರಿಕದ ಕೃಷಿ ಇಲಾಖೆಯವರ ನಕ್ಷೆ. ಒಂದು ಜಾಗದಲ್ಲಿ ಪ್ರತಿವರ್ಷ ಎಲ್ಲಕ್ಕಿಂತ ಕೆಳಗೆ ಇಳಿದ ಉಷ್ಣಾಂಶ ಎಷ್ಟು, ಹಲವು ವರ್ಷದ ಲೆಕ್ಕ ತೆಗೆದರೆ ಅದರ ಸರಾಸರಿ ಎಷ್ಟು, ಅಷ್ಟರ ಮೇಲೆ 1 ರಿಂದ 13ರ ತನಕ ನಂಬರ್ ಕೊಡುತ್ತಾರೆ. ಝೋನ್ 5 ಅಂದರೆ ಸುಮಾರು ಮೈನಸ್ 29 ರಿಂದ ಮೈನಸ್ 23 ಡಿಗ್ರಿ! ಅಷ್ಟು ಚಳಿ ತಡೆಯುವ ಗಿಡ ಕಟ್ಟಿಕೊಂಡು ಬೀದರಿನಲ್ಲಿ ನಾನೇನು ಮಾಡಲಿ? ನಮ್ಮಲ್ಲಿ ಎಂಥ ಚಳಿ ಬಿದ್ದರೂ ಮೈನಸ್ ಅನ್ನುವ ಮಾತೇ ಇಲ್ಲ. ವರ್ಷದ ಅತಿ ಚಳಿಯ ರಾತ್ರಿ 4 ರಿಂದ 10 ಡಿಗ್ರಿ ಒಳಗೆ ಇರುವ ಊರುಗಳನ್ನು 11ನೇ ಝೋನ್ ಅನ್ನುತ್ತಾರೆ, ನಾವು ಅಲ್ಲಿಗೆ ಬರುತ್ತೇವೆ.

ಈಗ ಚೀಟಿ ಇನ್ನೊಮ್ಮೆ ಓದಿ. "5 ರಿಂದ 8". ಎಲ್ಲರೂ 5 ನೋಡುತ್ತಾರೆ, ನಾನೂ ಅದನ್ನೇ ನೋಡಿದ್ದು. ನೋಡಬೇಕಾದದ್ದು 8. ಇದಕ್ಕಿಂತ ಬೆಚ್ಚಗಿನ ಊರಿಗೆ ಈ ಗಿಡ ಒಯ್ಯಬೇಡಿ ಅಂತ ಅದು ಹೇಳುತ್ತಿದೆ, ನಾವಿರುವುದು 11. ಅಂದರೆ ಈ ಗಿಡ ನಿಮಗಲ್ಲ ಅಂತ ಬರೆದ ಚೀಟಿಯನ್ನೇ ತೂಗುಹಾಕಿಕೊಂಡು ಗಿಡ ಮಾರುತ್ತಿದ್ದಾರೆ, ನಾವು ಅದನ್ನೇ ಓದಿ ದುಡ್ಡು ಕೊಡುತ್ತಿದ್ದೇವೆ. ಬಿಸಿಲಿನ ಲೆಕ್ಕ ಬೇಕೆಂದರೆ ಬೇರೆ ನಕ್ಷೆಯೇ ಇದೆ, ಅಮೆರಿಕದ ಒಂದು ತೋಟಗಾರಿಕೆ ಸಂಘ 1997ರಲ್ಲಿ ಮಾಡಿದ್ದು, ವರ್ಷದಲ್ಲಿ ಎಷ್ಟು ದಿನ 30 ಡಿಗ್ರಿ ದಾಟುತ್ತದೆ ಅಂತ ಎಣಿಸುತ್ತದೆ. ಅದರ ನಂಬರನ್ನು ನಮ್ಮ ಕಡೆ ಯಾವ ಗಿಡದ ಮೇಲೂ ನಾನು ನೋಡಿಲ್ಲ.

ಸೇಬಿನ ವಿಷಯ ಇನ್ನೂ ಸ್ವಲ್ಪ ಗೋಜಲು. ಅಲ್ಲಿ ಮಾಲೀಕರ ಮಾತಿನಲ್ಲಿ ಅರ್ಧ ನಿಜ ಇತ್ತು.

ಚೀಟಿಯಲ್ಲಿ "ಎಚ್‌ಆರ್‌ಎಂಎನ್ 99" ಅಂತ ಬರೆದಿತ್ತು. ಇದು ಹಿಮಾಚಲ ಪ್ರದೇಶದ ಬಿಲಾಸ್‌ಪುರ ಜಿಲ್ಲೆಯ ರೈತ ಹರಿಮಾನ್ ಶರ್ಮಾ ಬೆಳೆಸಿದ ತಳಿ. 2025ರಲ್ಲಿ ಅವರಿಗೆ ಪದ್ಮಶ್ರೀ ಸಿಕ್ಕಿತು. ಅವರ ತೋಟ ಇರುವುದು ಸಮುದ್ರಮಟ್ಟದಿಂದ ಸುಮಾರು 1,800 ಅಡಿ ಎತ್ತರದಲ್ಲಿ, ಸೇಬಿನ ಬೆಟ್ಟದಲ್ಲಲ್ಲ. ಮಾಲೀಕರು ಇದನ್ನೇ ಹಿಡಿದುಕೊಂಡು "ಬೀದರ್ ಅದಕ್ಕಿಂತ ಎತ್ತರ ಅದ ಅಕ್ಕೋರೆ, 2,200 ಅಡಿ" ಅಂದರು. ಎತ್ತರದ ಲೆಕ್ಕ ಸರಿಯೇ. ಆದರೆ ಬಿಲಾಸ್‌ಪುರ ಇರುವುದು ಎಲ್ಲಿ, 31 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ನಾವು 18ರ ಹತ್ತಿರ. ಅವರ ಚಳಿಗಾಲಕ್ಕೂ ನಮ್ಮದಕ್ಕೂ ಹೋಲಿಕೆ ಎಲ್ಲಿ? ನಾನು ಐದನೇ ಕ್ಲಾಸಿಗೆ ಭೂಗೋಳ ಕಲಿಸುವವಳು, ಅಲ್ಲೇ ನಿಂತು ಇದು ಹೊಳೆಯಲಿಲ್ಲ ನೋಡಿ. ದುಡ್ಡು ಕೊಟ್ಟು ಮನೆಗೆ ಬಂದ ಮೇಲೆ ಹೊಳೆಯಿತು.

ಸೇಬು, ಪೀಚ್, ಪ್ಲಮ್ ಇವಕ್ಕೆಲ್ಲ ಚಳಿ ತಡೆಯುವ ಶಕ್ತಿ ಇದ್ದರೆ ಮುಗಿಯಲಿಲ್ಲ, ಅವಕ್ಕೆ ಚಳಿ ಬೇಕೇ ಬೇಕು. ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆ ಹೋಗುತ್ತವೆ, ಅಷ್ಟು ಗಂಟೆ ತಂಪು ಸಿಕ್ಕ ಮೇಲೇ ಮೊಗ್ಗು ಎಚ್ಚರಾಗುವುದು. ಹಳೆಯ ಲೆಕ್ಕದಲ್ಲಿ ಸುಮಾರು 7 ಡಿಗ್ರಿಗಿಂತ ಕೆಳಗಿನ ಒಂದೊಂದು ಗಂಟೆಯನ್ನೂ ಎಣಿಸುತ್ತಾರೆ. ಕಾಶ್ಮೀರ, ಶಿಮ್ಲಾ ಕಡೆಯ ಸೇಬಿಗೆ ಅಂಥ ಸಾವಿರದಷ್ಟು ಗಂಟೆ ಬೇಕು. ಇಸ್ರೇಲಿನ ಅನ್ನಾ ತಳಿಗೆ 200 ರಿಂದ 300, ಬಹಾಮಾಸ್ ದ್ವೀಪದಿಂದ ಬಂದ ಡಾರ್ಸೆಟ್ ಗೋಲ್ಡನ್‌ಗೆ 100ರ ಆಸುಪಾಸು ಸಾಕು ಅನ್ನುತ್ತಾರೆ. ಈಗ ನಮ್ಮ ಲೆಕ್ಕ ಹಾಕಿ. ಒಳ್ಳೆ ಚಳಿ ಬಿದ್ದ ವರ್ಷ ಹತ್ತು ದಿನ ಬೆಳಗಿನ ಜಾವ ಎರಡೆರಡು ಗಂಟೆ 7 ಡಿಗ್ರಿಗೆ ಇಳಿಯಿತು ಅಂತಲೇ ಇಟ್ಟುಕೊಳ್ಳೋಣ. ಎಷ್ಟಾಯಿತು, 20 ಗಂಟೆ. ಅದೇ ದಿನ ಮಧ್ಯಾಹ್ನ 28 ಡಿಗ್ರಿ ಬಿಸಿಲು ಬಿದ್ದು, ರಾತ್ರಿ ಕೂಡಿಟ್ಟ ತಂಪಿನಲ್ಲೂ ಸ್ವಲ್ಪ ಅಳಿಸಿ ಹಾಕುತ್ತದೆ.

ಹಾಗಂತ ಚಳಿ ಸಾಲದ ಊರಿನಲ್ಲಿ ಸೇಬು ಬಿಡುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇಂಡೋನೇಷ್ಯಾದ ಜಾವಾದಲ್ಲಿ ಮಲಾಂಗ್ ಹತ್ತಿರದ ಬೆಟ್ಟದೂರುಗಳಲ್ಲಿ ಚಳಿಯೇ ಇಲ್ಲದೆ ಬೆಳೆಯುತ್ತಾರೆ. ಕೈಯಿಂದ ಎಲೆ ಕಿತ್ತುಹಾಕಿ, ಗಿಡಕ್ಕೆ ಚಳಿಗಾಲ ಬಂದು ಹೋಯಿತು ಅಂತ ನಂಬಿಸಿ ಹೂ ಬಿಡಿಸುತ್ತಾರೆ. ನಾನೂ ಈ ಜನವರಿಯಲ್ಲಿ ಎಲೆ ಕಿತ್ತೆ. ನಮ್ಮ ಮನೆಯವರು ಅಂಗಳದಲ್ಲಿ ನಿಂತು ನೋಡಿ "ಗಿಡಕ್ಕೆ ಮೋಸ ಮಾಡೋ ವಿದ್ಯೆ ಬೇರೆ ಕಲಿತೆ" ಅಂದರು. ಏಳು ಹೂ ಬಂದವು. ಕಾಯಿ ಕಚ್ಚಲಿಲ್ಲ. ಇನ್ನೊಂದು ಸೇಬು ಮೊದಲ ಮೇ ತಿಂಗಳಲ್ಲೇ ಒಣಗಿ ಹೋಗಿತ್ತು, ಅದು ಇದ್ದಿದ್ದರೆ ಪರಾಗ ಸಿಗುತ್ತಿತ್ತೋ ಏನೋ. ಈ ತಳಿ ಒಂದೇ ಗಿಡ ಇದ್ದರೂ ಕಾಯಿ ಬಿಡುತ್ತದೆ ಅಂತ ಹೇಳುತ್ತಾರೆ, ನನ್ನದು ನಿಜವಾಗಿ ಅದೇ ತಳಿಯೋ ಬರೀ ಚೀಟಿಯೋ, ಅದನ್ನು ಹೇಳುವವರು ಯಾರು? ನೀವು ಅನ್ನಾ ತರುವುದಾದರೆ ಮಾತ್ರ ಪಕ್ಕದಲ್ಲಿ ಡಾರ್ಸೆಟ್ ಗೋಲ್ಡನ್ ಇಡಲೇಬೇಕು. ಉಳಿದಿರುವ ಗಿಡ ಹಸಿರಾಗಿ ನಿಂತಿದೆ, ಬಿಸಿಲನ್ನು ತಡೆದಿದೆ, ಆ ಮಟ್ಟಿಗೆ ತಳಿಯ ಹೆಸರು ಕೆಡಿಸುವುದಿಲ್ಲ. 350 ರೂಪಾಯಿಗೆ ಒಂದು ನೆರಳಿಲ್ಲದ ನೆರಳಿನ ಮರ.

ಇನ್ನು ಒಳ್ಳೆಯದು ಹೇಳುತ್ತೇನೆ, ಅದೂ ಬಹಳ ಇದೆ.

ಆ ನರ್ಸರಿಯ ಎಡಗಡೆ ಇರುವುದೆಲ್ಲ ಊರಿನ ಗಿಡ, ಬೋರ್ಡಿಲ್ಲ, ಚೀಟಿಯಿಲ್ಲ, ಬೆಲೆಯೂ ಕಡಿಮೆ. ಅಲ್ಲೊಬ್ಬ ಮಾಲಿ ಕಾಕಾ ಇದ್ದಾರೆ, ಅರವತ್ತು ದಾಟಿರಬಹುದು. ನಾನು ಸೇಬು ಆರಿಸುವಾಗ ಮಾಲೀಕರು ಆಚೆ ಹೋದ ಹೊತ್ತು ನೋಡಿ ಮೆಲ್ಲಗೆ ಹೇಳಿದ್ದರು, "ಅಕ್ಕೋರೆ, ಆ ಮೂಲಿ ಗಿಡ ಬ್ಯಾಡ್ರಿ. ಸೀತಾಫಲ ಒಯ್ರಿ, ನಿಮ್ಮ ಮೊಮ್ಮಕ್ಕಳೂ ತಿಂತಾರ." ನಾನು ನಕ್ಕು ಎರಡನ್ನೂ ಕೊಂಡೆ. ಒಂದು ಸೀತಾಫಲಕ್ಕೆ 70 ರೂಪಾಯಿ.

ಈ ಸೀತಾಫಲದ ಬಗ್ಗೆ ಎಷ್ಟು ಬರೆದರೂ ಕಡಿಮೆ. ದಸರಾ ಹೊತ್ತಿಗೆ ನಮ್ಮ ಬಸ್ ಸ್ಟ್ಯಾಂಡ್ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರಲ್ಲ, ಅವುಗಳಲ್ಲಿ ಎಷ್ಟೋ ಹಣ್ಣು ಯಾರೂ ನೆಡದ, ಯಾರೂ ನೀರು ಹಾಕದ ಗಿಡದವು, ಕಲ್ಲು ಬದುವಿನಲ್ಲಿ ತಾನೇ ಹುಟ್ಟಿದವು. ಅಂದಮೇಲೆ ಈ ನೆಲಕ್ಕೆ ಬೇರೆ ಚೀಟಿ ಯಾಕೆ? ನಮ್ಮ ಮನೆಯಿರುವುದು ಕೆಂಪು ಮುರುಮಿನ ಮೇಲೆ, ಒಂದೂವರೆ ಅಡಿ ಕೆಳಗೆ ಹೋದರೆ ಜಂಬಿಟ್ಟಿಗೆ ಕಲ್ಲು ಸಿಗುತ್ತದೆ, ತೆಗ್ಗು ತೋಡಲು ಆಳು ಹಾರೆ ತಂದಿದ್ದ. ಈ ಕಲ್ಲು ನೀರು ಹಿಡಿದಿಡುವುದಿಲ್ಲ, ಸುರಿದದ್ದೆಲ್ಲ ಕೆಳಗೆ ಇಳಿದು ಹೋಗುತ್ತದೆ. ಬಹಮನಿಯವರ ಕಾಲದಲ್ಲಿ ನೌಬಾದಿನ ಸುರಂಗ ಬಾವಿ ಕೊರೆದದ್ದು ಹಾಗೆ ಇಳಿದ ನೀರನ್ನು ಕೆಳಗೆ ಹಿಡಿಯಲಿಕ್ಕೇ ಅಲ್ವಾ. ಗಿಡಕ್ಕೆ ಆ ಸುರಂಗ ಇಲ್ಲ. ಹೀಗಾಗಿ ಬೇರು ಕಲ್ಲಿನ ಸಂದಿಯಲ್ಲಿ ನುಗ್ಗುವ, ಎರಡು ವಾರ ನೀರಿಲ್ಲದೆ ಇರುವ ಗಿಡವೇ ನಮಗೆ ಆಗಬೇಕು. ಸೀತಾಫಲ ಅಂಥದ್ದು. ಇನ್ನೊಂದು ಉಪಯೋಗ, ಅದರ ಎಲೆಗೆ ಆಡು ಬಾಯಿ ಹಾಕುವುದಿಲ್ಲ. ನಮ್ಮ ಓಣಿಯಲ್ಲಿ ಇದು ಸಣ್ಣ ವಿಷಯ ಅಲ್ಲ.

ಆದರೆ ಅದೇ ಗಿಡವನ್ನು ನಾನು ಕಿತ್ತು ಎಸೆಯುವುದರಲ್ಲಿದ್ದೆ. ಮೊದಲ ವರ್ಷ ಜನವರಿಯಲ್ಲಿ ಎಲೆ ಹಳದಿಯಾಗಿ ಉದುರತೊಡಗಿತು, ಫೆಬ್ರವರಿ ಮುಗಿಯುವ ಹೊತ್ತಿಗೆ ಬರೀ ಕಡ್ಡಿ. ಇದೂ ಹೋಯಿತು, ಚಳಿಗೆ ಸತ್ತಿತು ಅಂತ ಸಲಿಕೆ ತಂದೆ. ನಮ್ಮ ಅತ್ತೆ ಭಾಲ್ಕಿ ಕಡೆ ಹಳ್ಳಿಯವರು, ಕಟ್ಟೆ ಮೇಲೆ ಕೂತಿದ್ದರು. "ಬಿಡವ್ವ ಅದನ್ನ, ಸತ್ತಿಲ್ಲ, ಮಲ್ಕೊಂಡದ" ಅಂದರು. ಉಗುರಿನಿಂದ ತೊಗಟೆ ಕೆರೆದು ತೋರಿಸಿದರು, ಒಳಗೆ ಹಸಿರಿತ್ತು. ಏಪ್ರಿಲ್‌ನಲ್ಲಿ, ಇಡೀ ಊರು ಸುಡುವಾಗ, ಚಿಗುರಿತು. ಅಂಜೂರವೂ ಹಾಗೇ ಎಲೆ ಉದುರಿಸುತ್ತದೆ, ದಾಳಿಂಬೆಯೂ ಸ್ವಲ್ಪ ಬೋಳಾಗುತ್ತದೆ. ಚಳಿಗಾಲದಲ್ಲಿ ಗಿಡ ಬೋಳಾಯಿತು ಅಂತ ಗಾಬರಿಯಾಗಿ ನೀರು ಸುರಿಯಬೇಡಿ, ಮೊದಲು ಉಗುರಿನಿಂದ ಕೆರೆದು ನೋಡಿ. ನರ್ಸರಿಯವರು ಇದನ್ನು ಹೇಳಬೇಕಿತ್ತು. ಹೇಳಲಿಲ್ಲ. ಎಷ್ಟು ಜನ ಹೀಗೆ ಬದುಕಿದ ಗಿಡ ಕಿತ್ತುಹಾಕಿ ಮತ್ತೆ ಅದೇ ಗಿಡ ಕೊಳ್ಳಲು ಬಂದಿದ್ದಾರೋ!

ಪೇರಲದ ಕಥೆ ಅರ್ಧ ಸಿಹಿ, ಅರ್ಧ ಕಹಿ. ನಮ್ಮ ಸಂತೆಯಲ್ಲಿ ಜಾಮ್ ಅಂತಲೂ ಕೂಗುತ್ತಾರೆ. ಎರಡು ತಂದೆ, ಎರಡೂ ಕಸಿ, ಎಲ್-49 ತಳಿ ಅಂತ ಹೇಳಿ ಒಂದಕ್ಕೆ 120 ತೆಗೆದುಕೊಂಡರು. ಒಂದು ನಿಜವಾದ ಕಸಿ. ಎರಡನೇ ವರ್ಷಕ್ಕೇ ಕಾಯಿ ಬಿಟ್ಟಿತು, ಬೀಜ ಮೆತ್ತಗೆ, ಒಳಗೆ ಬಿಳಿ, ಒಳ್ಳೆ ಸಿಹಿ. ಇನ್ನೊಂದು ಬರೀ ಬೀಜದ ಸಸಿ, ನೆಟ್ಟಗೆ ಬಾಣದ ಹಾಗೆ ಬೆಳೆದು ನಿಂತಿದೆ, ಹೂವಿನ ಸುಳಿವಿಲ್ಲ. ಬುಡ ನೋಡಿದರೆ ಕಸಿ ಕಟ್ಟಿದ ಗಂಟೇ ಇಲ್ಲ. ಕೊಳ್ಳುವಾಗ ಯಾಕೆ ನೋಡಲಿಲ್ಲ ಅಂತ ಕೇಳಬೇಡಿ. ಮಣ್ಣಿನಿಂದ ಒಂದು ಗೇಣು ಮೇಲೆ ಕಾಂಡ ಸ್ವಲ್ಪ ಓರೆಯಾಗಿರಬೇಕು, ಗಾಯ ಮಾಯ್ದ ಹಾಗೆ ಗಂಟು ಕಾಣಬೇಕು, ಪ್ಲಾಸ್ಟಿಕ್ ಪಟ್ಟಿ ಸುತ್ತಿದ್ದರೆ ಅದನ್ನು ಬಿಚ್ಚಿಸಿ ನೋಡಿ. ಬಿಚ್ಚಲು ಒಪ್ಪದಿದ್ದರೆ ಬೇರೆ ಗಿಡ ನೋಡಿ. ಮನೆಗೆ ತಂದ ಮೇಲೂ ಆ ಗಂಟಿನ ಕೆಳಗಿಂದ ಬರುವ ಚಿಗುರನ್ನು ಚಿವುಟುತ್ತಿರಬೇಕು, ಇಲ್ಲದಿದ್ದರೆ ಕೆಳಗಿನ ಕಾಡು ಗಿಡ ಮೇಲಿನದನ್ನು ತಿಂದು ಹಾಕುತ್ತದೆ. ಗೂಟಿ ಕಟ್ಟಿದ, ಅಂದರೆ ಮರದ ಟೊಂಗೆಯಲ್ಲೇ ಬೇರು ಬರಿಸಿ ಕತ್ತರಿಸಿ ತೆಗೆದ ಗಿಡಕ್ಕೆ ಈ ಗಂಟು ಇರುವುದಿಲ್ಲ, ಅದು ಬೇರೆ ಮಾತು, ದಾಳಿಂಬೆ ಸಾಮಾನ್ಯವಾಗಿ ಗೂಟಿಯದ್ದೇ ಬರುತ್ತದೆ.

ನಮ್ಮ ಚಳಿ ಉಪಯೋಗಕ್ಕೆ ಬರುವುದು ಈ ಪೇರಲಕ್ಕೆ. ಮಳೆಗಾಲದ ಕಾಯಿ ಸಪ್ಪೆ, ಅದರ ಮೇಲೆ ಹುಳ, ಹಣ್ಣಿನ ನೊಣ ಬಿಡುವುದೇ ಇಲ್ಲ. ಮಾಲಿ ಕಾಕಾ ಹೇಳಿದ ಹಾಗೆ ಏಪ್ರಿಲ್-ಮೇ ಹೂವನ್ನೆಲ್ಲ ಕಿತ್ತುಹಾಕಿದೆ, ಹೊಟ್ಟೆ ಉರಿಯಿತು, ಆದರೂ ಕಿತ್ತೆ. ಮಳೆ ಬಂದ ಮೇಲೆ ಮತ್ತೆ ಹೂ ಬಿಟ್ಟು ಕಾಯಿ ಬಲಿತದ್ದು ಡಿಸೆಂಬರ್‌ನಲ್ಲಿ. ತಂಪು ರಾತ್ರಿಯಲ್ಲಿ ಬಲಿತ ಕಾಯಿಗೆ ಸಿಪ್ಪೆಯ ಮೇಲೆ ಒಂದು ಗುಲಾಬಿ ಛಾಯೆ ಬರುತ್ತದೆ, ಸಿಹಿಯೂ ಜಾಸ್ತಿ, ಹುಳವೂ ಇಲ್ಲ. ಅರ್ಧ ಮಂಗ್ಯಾ ತಿಂದವು, ಇನ್ನರ್ಧ ನಾವು. ಮಾವಿಗೂ ಹಾಗೇ, ಚಳಿ ಸರಿಯಾಗಿ ಬಿದ್ದ ವರ್ಷ ಹೂ ಚೆನ್ನಾಗಿ ಬರುತ್ತದೆ. ಚಳಿ ಇದೆಯಲ್ಲ ಅಂತ ಸೇಬು ನೆಡುವ ಬದಲು ಈ ಚಳಿಯಿಂದ ರುಚಿ ಹೆಚ್ಚುವ ಗಿಡ ನೆಡಬೇಕಿತ್ತು ನಾನು.

ನಮ್ಮ ಚಳಿಗೆ ನಿಜವಾಗಿ ಸೊರಗುವ ಗಿಡಗಳೂ ಇವೆ, ಅವುಗಳ ಬಗ್ಗೆ ಆ ನರ್ಸರಿಯಲ್ಲಿ ಒಂದು ಮಾತೂ ಇಲ್ಲ. ಪಪ್ಪಾಯಿ ಡಿಸೆಂಬರ್-ಜನವರಿ ಪೂರ್ತಿ ನಿಂತುಬಿಡುತ್ತದೆ, ಕಾಯಿ ಹಣ್ಣಾಗುವುದೇ ಇಲ್ಲ. ಬಾಳೆಗೆ ಹೊಸ ಎಲೆ ಬರಲು ತಡವಾಗುತ್ತದೆ. ಕರಿಬೇವು ಚಿಗುರು ನಿಲ್ಲಿಸುತ್ತದೆ, ಸಾಯುವುದಿಲ್ಲ, ಆಗ ಗೊಬ್ಬರ ಹಾಕಿ ಏನೂ ಉಪಯೋಗವಿಲ್ಲ. ಅಂಗಳದ ತುಳಸಿ ಕಪ್ಪಾಗುವುದು ಎಲ್ಲರಿಗೂ ಗೊತ್ತಿದ್ದದ್ದೇ. ಮಲ್ಲಿಗೆ ಮೌನ, ಮಾರ್ಚ್‌ನಲ್ಲಿ ಮತ್ತೆ ಶುರು.

ಸತ್ತ ಐದರಲ್ಲಿ ಒಂದಕ್ಕೆ ನಾನು ಕಾರಣ ಅಂತ ಮೊದಲೇ ಹೇಳಿದೆನಲ್ಲ, ಅದು ನಿಂಬೆ. ಮೂರಡಿ ಎತ್ತರದ ಗಿಡ, ಹತ್ತು ಕಾಯಿ ತೂಗುತ್ತಿದ್ದವು, ಕಾಯಿ ನೋಡಿ ಮರುಳಾದೆ. ಇದ್ದದ್ದು ಎಷ್ಟು ಸಣ್ಣ ಕವರಿನಲ್ಲಿ ಅಂದರೆ ಅಂಗೈ ಅಗಲ. ಒಂದು ತಿಂಗಳಲ್ಲಿ ಕಾಯೆಲ್ಲ ಉದುರಿತು, ಮಳೆಗಾಲ ಬಂದರೂ ಚಿಗುರಲಿಲ್ಲ, ಕೊನೆಗೆ ಕಿತ್ತು ನೋಡಿದರೆ ಬೇರೆಲ್ಲ ಸಿಂಬೆಯ ಹಾಗೆ ಸುತ್ತಿಕೊಂಡು ಕೂತಿತ್ತು, ಒಂದು ಬೇರೂ ಹೊರಗೆ ಚಾಚಿರಲಿಲ್ಲ. ಕವರಿನಿಂದ ತೆಗೆದಾಗಲೇ ಆ ಸುತ್ತನ್ನು ಬಿಡಿಸಬೇಕಿತ್ತು, ನಾನು ಹಾಗೇ ಇಟ್ಟು ಮಣ್ಣು ಮುಚ್ಚಿದೆ. ಅವತ್ತಿನಿಂದ ನಾನು ಎರಡಡಿಗಿಂತ ಎತ್ತರದ ಗಿಡ ತರುವುದಿಲ್ಲ, ಕಾಯಿ ಇರುವ ಗಿಡವನ್ನಂತೂ ಮುಟ್ಟುವುದೇ ಇಲ್ಲ. ಸಣ್ಣ ಗಿಡ, ದೊಡ್ಡ ಕವರು. ಕವರು ಎತ್ತಿ ಕೆಳಗೆ ನೋಡಿ, ತೂತಿನಿಂದ ದಪ್ಪ ಬೇರು ಹೊರಬಿದ್ದು ನೆಲಕ್ಕೆ ಹೋಗಿದ್ದರೆ ಅದನ್ನು ಕಿತ್ತೇ ನಿಮಗೆ ಕೊಡುತ್ತಾರೆ.

ಕವಳಿ ಬಗ್ಗೆ ಎರಡೇ ಮಾತು. ಮುಳ್ಳಿನ ಪೊದೆ, ಬೇಲಿಗೆ ಬಹಳ ಒಳ್ಳೆಯದು, ಉಪ್ಪಿನಕಾಯಿಗೆ ಕಾಯಿ. ಎರಡು ವರ್ಷದಲ್ಲಿ ನಾನು ಅದರ ಕಡೆ ತಿರುಗಿಯೂ ನೋಡಿಲ್ಲ, ಆದರೂ ಎಲ್ಲಕ್ಕಿಂತ ಚೆನ್ನಾಗಿದೆ.

ಕಲಬುರಗಿಯವರು ನನ್ನ ಮಾತು ಹಾಗೇ ತೆಗೆದುಕೊಳ್ಳಬೇಡಿ. ನಮ್ಮ ಅಕ್ಕನ ಮನೆ ಅಲ್ಲಿದೆ, ಪೂರ್ತಿ ಕರಿ ಮಣ್ಣು. ನಮ್ಮಲ್ಲಿ ನೀರು ನಿಲ್ಲುವುದಿಲ್ಲ ಅಂತ ಗೋಳಾದರೆ ಅವಳಲ್ಲಿ ಇಳಿಯುವುದಿಲ್ಲ ಅಂತ ಗೋಳು. ಮಳೆಗಾಲದಲ್ಲಿ ಬುಡದಲ್ಲಿ ಕೆಸರು, ಮೇ ತಿಂಗಳಲ್ಲಿ ನೆಲ ಬಿರಿದು ಕೈ ತೂರುವಷ್ಟು ಸಂದಿ, ಆ ಸಂದಿಯಲ್ಲಿ ಬೇರು ಹರಿಯುತ್ತದೆ. ನಾನು ಹೊಲದ ಕರಿ ಮಣ್ಣು ಒಂದು ಟ್ರ್ಯಾಲಿ ತರಿಸಿ ತೆಗ್ಗಿಗೆ ಬೆರೆಸಿದೆ, ಅವಳು ಮುರುಮು ತರಿಸಿ ಬೆರೆಸಿದಳು, ಇಬ್ಬರೂ ಒಬ್ಬರ ಮಣ್ಣಿಗೆ ಇನ್ನೊಬ್ಬರು ದುಡ್ಡು ಕೊಟ್ಟೆವು. ಅವಳು ಗಿಡವನ್ನು ಒಂದಡಿ ದಿಬ್ಬದ ಮೇಲೆ ನೆಟ್ಟಿದ್ದಾಳೆ. ನೆರಳಿಗೆ ಶೇಡ್ ನೆಟ್ ಬದಲು ತೊಗರಿ ಕಟ್ಟಿಗೆಯ ತಟ್ಟಿ ಕಟ್ಟಿದಳು, ಬುಡಕ್ಕೆ ತೊಗರಿ ಹೊಟ್ಟು ಮುಚ್ಚಿದಳು. ಕಲಬುರಗಿಯಲ್ಲಿ ಅದಕ್ಕೇನು ಬರ. ನಾನೂ ಈ ಬೇಸಿಗೆ ಅವಳನ್ನೇ ನೋಡಿ ಕಟ್ಟಿದೆ, ಪಶ್ಚಿಮದ ಬಿಸಿಲು ಬೀಳುವ ಕಡೆ ಮಾತ್ರ, ಅಷ್ಟು ಸಾಕಾಯಿತು. ಅವಳ ನಿಂಬೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತಿತ್ತು, ಕರಿ ಮಣ್ಣಿನಲ್ಲಿ ಸುಣ್ಣದ ಅಂಶ ಜಾಸ್ತಿ ಇದ್ದರೆ ಗಿಡಕ್ಕೆ ಕಬ್ಬಿಣ ಸಿಗುವುದಿಲ್ಲವಂತೆ.

ಸೇವೆ ಬಗ್ಗೆ ಹೇಳುವುದಾದರೆ, ಗಿಡ ಕಟ್ಟಿಕೊಡುವುದು ಚೆನ್ನಾಗಿದೆ, ಗೋಣಿ ಸುತ್ತಿ ಆಟೋದಲ್ಲಿ ಅಲುಗದ ಹಾಗೆ ಇಟ್ಟರು, ಒಂದು ಟೊಂಗೆಯೂ ಮುರಿಯಲಿಲ್ಲ. ಬೆಲೆ ಚೌಕಾಸಿಗೆ ಬಗ್ಗುತ್ತದೆ. ರಸೀದಿ ಕೊಡುವುದಿಲ್ಲ, ಕೇಳಿದರೆ ಚೀಟಿ ಹರಿದು ಒಟ್ಟು ಮೊತ್ತ ಬರೆದು ಕೊಡುತ್ತಾರೆ, ಯಾವ ತಳಿ ಅಂತ ಬರೆಯುವುದಿಲ್ಲ. ಸತ್ತ ಸೇಬನ್ನು ಹಿಡಿದುಕೊಂಡು ಹೋದಾಗ ಮಾಲೀಕರು "ನೀರು ಜಾಸ್ತಿ ಹಾಕೀರಿ" ಅಂದರು. ಹೈಡ್ರೇಂಜಿಯ ಒಯ್ದಾಗ "ನೀರು ಕಡಿಮಿ ಹಾಕೀರಿ" ಅಂದಿದ್ದರು. ಗ್ಯಾರಂಟಿ ಅಂದಿದ್ದಿರಲ್ಲ ಅಂದರೆ "ಚಳಿಗೆ ಗ್ಯಾರಂಟಿ ಅಕ್ಕೋರೆ, ಬಿಸಲಿಗಲ್ಲ" ಅಂದುಬಿಟ್ಟರು! ನನಗೆ ಸಿಟ್ಟೂ ಬಂತು, ನಗುವೂ ಬಂತು. ದುಡ್ಡು ಬರಲಿಲ್ಲ, ಎರಡು ಸೇವಂತಿಗೆ ಸಸಿ ಕೈಗಿಟ್ಟು ಕಳಿಸಿದರು.

ಫೆಬ್ರವರಿಯಲ್ಲಿ ರಿಯಾಯಿತಿ ಹಾಕುತ್ತಾರೆ, ಅದಕ್ಕೆ ಮರುಳಾಗಬೇಡಿ. ಅವರಿಗೆ ಬೇಸಿಗೆಯಲ್ಲಿ ಅಷ್ಟು ಗಿಡಕ್ಕೆ ನೀರು ಹಾಕುವುದು ಕಷ್ಟ, ಆ ಕಷ್ಟವನ್ನು ನಮ್ಮ ಮನೆಗೆ ಕಳಿಸುತ್ತಾರೆ. ನೆಡುವುದು ಮಿರಗ ಮಳೆ ಬಿದ್ದ ಮೇಲೆ, ಜೂನ್-ಜುಲೈ. ಆಗ ನೆಟ್ಟ ಗಿಡಕ್ಕೆ ಮುಂದಿನ ಮಾರ್ಚ್ ಬರುವುದರೊಳಗೆ ಎಂಟು ತಿಂಗಳು ಬೇರು ಬಿಡಲು ಸಿಗುತ್ತದೆ. ನಾನು ಕೊಟ್ಟದ್ದು ಒಂದು ತಿಂಗಳು. ಯಾವ ತಳಿ ಅಂತ ಗೊಂದಲ ಇದ್ದರೆ ಮೊದಲು ಜನವಾಡದ ಕೃಷಿ ವಿಜ್ಞಾನ ಕೇಂದ್ರದಲ್ಲೋ ಇಲ್ಲೇ ಇರುವ ತೋಟಗಾರಿಕೆ ಕಾಲೇಜಿನಲ್ಲೋ ವಿಚಾರಿಸಿ, ಆಮೇಲೆ ನರ್ಸರಿಗೆ ಹೋಗಿ.

ಐದಕ್ಕೆ ಎಷ್ಟು ಸ್ಟಾರ್ ಕೊಡಲಿ? ಎಡಗಡೆಗೆ ನಾಲ್ಕು, ಬಲಗಡೆಗೆ ಒಂದು. ಮಾಲಿ ಕಾಕಾಗೆ ಐದು. ಈ ಜೂನ್‌ನಲ್ಲಿ ಅಲ್ಲಿಗೇ ಮತ್ತೆ ಹೋಗುತ್ತೇನೆ, ಬಾರಿ (ಬೋರೆ) ಹಣ್ಣಿನ ಕಸಿ ಒಂದು, ನೆಲ್ಲಿ ಎರಡು ತರಬೇಕು, ನಿಂಬೆ ಇನ್ನೊಮ್ಮೆ ಪ್ರಯತ್ನ ಮಾಡಬೇಕು. ನೀವು ಹೋಗುವುದಾದರೆ ಬೆಳಿಗ್ಗೆ ಹತ್ತರೊಳಗೆ ಹೋಗಿ. ಮಾಲೀಕರು ಹತ್ತೂವರೆಗೆ ಬರುತ್ತಾರೆ, ಅವರು ಬಂದ ಮೇಲೆ ಕಾಕಾ ಏನೂ ಹೇಳುವುದಿಲ್ಲ.